ಎಡಗಾಲಿನ ತಿರುಪು

ನರೇಗಲ್ ಹಿಂದೆ ಬೀಳುವ ಹೊತ್ತಿಗೆ ಬಸವಪ್ರಸಾದನ ಎಡಗಾಲು ಉರಿಯತೊಡಗಿತ್ತು. ಮೊದಲು ಬೆರಳುಗಳಿಗೆ ಜೋಮು, ಆಮೇಲೆ ಹೆಬ್ಬೆರಳಿನ ಬುಡದಲ್ಲಿ ಸೂಜಿ, ಆಮೇಲೆ ಅಂಗಾಲಿನ ಉಬ್ಬಿನ ಕೆಳಗೆ ಕೆಂಡ. ಪ್ರತಿ ಭಾನುವಾರ ಇದೇ ಸರತಿ. ರೋಣ ಬಿಡುವಾಗ ಕಾಲು ಕಾಲಾಗಿಯೇ ಇರುತ್ತಿತ್ತು. ನರೇಗಲ್ ದಾಟಿದ ಮೇಲೆ ಅದು ಬೇರೆ ಯಾರದೋ ಆಗಿ, ಪೆಡಲಿಗೆ ಕಚ್ಚಿಕೊಂಡು ತನ್ನಷ್ಟಕ್ಕೆ ತಾನು ಸುತ್ತುತ್ತಿತ್ತು. ನಿಲ್ಲಿಸಿ, ಬೂಟು ಬಿಚ್ಚಿ, ಬೆರಳುಗಳನ್ನು ಒಂದಿಷ್ಟು ಚಾಚಿದರೆ ಆರಾಮಾಗುತ್ತದೆ ಎಂದು ಅವನಿಗೆ ಗೊತ್ತು. ಆದರೆ ನಿಲ್ಲಿಸಿದರೆ ಮುಂದೆ ಹೋಗುತ್ತಿರುವ ಹೇಮಂತ ತಿರುಗಿ ನೋಡುತ್ತಾನೆ, ನೋಡಿದರೆ ನಗುತ್ತಾನೆ. ಆ ನಗೆಗಿಂತ ಕೆಂಡವೇ ಮೇಲು. ಕೆಂಡಕ್ಕೆ ಒಂದು ಉಪಯೋಗವೂ ಇತ್ತು. ಎಡಗಾಲು ಕೆಳಕ್ಕೆ ಒತ್ತಿದಾಗಲೆಲ್ಲ ಉರಿ ನೆತ್ತಿಗೇರಿ, ಮರೆಯಬಾರದ್ದನ್ನು ಮರೆಯದ ಹಾಗೆ ನೋಡಿಕೊಳ್ಳುತ್ತಿತ್ತು. ಎರಡೂ ಕಡೆ ಎರೆಹೊಲ, ಕಾಳು ಕಟ್ಟಿದ ಕಡಲೆ, ಇಬ್ಬನಿ ಆರದ ಬಿಳಿಜೋಳ. ಅದನ್ನೆಲ್ಲ ನೋಡಬೇಕೆಂದೇ ಜನ ಸೈಕಲ್ ಹೊಡೆಯುತ್ತಾರಂತೆ. ಬಸವಪ್ರಸಾದ ನೋಡುತ್ತಿದ್ದುದು ಹೇಮಂತನ ಎರಡು ಹಿಮ್ಮಡಿಗಳನ್ನು ಮಾತ್ರ.

ಮುಂದೆ ಹೇಮಂತ, ನಡುವೆ ಕನಕರಾಜ, ಹಿಂದೆ ಇವನು. ಹೇಮಂತ ರೋಣದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು. ಕಡ್ಡಿಯಂಥ ಮೈ, ಬಾಯಿ ತೆರೆದರೆ ಚಟಾಕಿ. ಕನಕರಾಜ ಬ್ಯಾಂಕಿನವನು, ಸೈಕಲ್ಲಿಗಿಂತ ಮೊಬೈಲಿನ ಕ್ಯಾಮೆರಾದ ಮೇಲೆ ಪ್ರೀತಿ. ಬಸವಪ್ರಸಾದನದು ರೋಣದ ಪೇಟೆಯಲ್ಲಿ ಉಳ್ಳಾಗಡ್ಡಿಯ ದಲಾಲಿ ಅಂಗಡಿ. ಅಪ್ಪ ಈಶಪ್ಪನ ಕಾಲದ ಗಾದಿ, ಅಪ್ಪನ ಕಾಲದ ಹೊಟ್ಟೆ. ಸಕ್ಕರೆ ಕಾಯಿಲೆ ಹೊಸ್ತಿಲಲ್ಲಿ ನಿಂತಿದೆ, ಒಳಗೆ ಕರೆಯಬೇಡಿ ಎಂದು ಡಾಕ್ಟರು ಅಂದಿದ್ದಕ್ಕೆ ಸೈಕಲ್ ತಂದ. ಸೈಕಲ್ ತಂದ ಮೇಲೆ ಈ ಬೂಟು. ಬೂಟಿನ ತಳಕ್ಕೆ ಎರಡು ತಿರುಪುಗಳಿಂದ ಬಿಗಿದ ಒಂದು ಕಬ್ಬಿಣದ ತುಣುಕು ಇರುತ್ತದೆ, ಅದಕ್ಕೆ ಕ್ಲೀಟು ಎನ್ನುತ್ತಾರೆ. ಪೆಡಲಿನ ಮೇಲೆ ಒತ್ತಿದರೆ ಕಟ್ ಎಂದು ಸಿಕ್ಕಿಕೊಂಡು ಕಾಲೂ ಪೆಡಲೂ ಒಂದಾಗುತ್ತವೆ. ಬಿಡಿಸಿಕೊಳ್ಳಬೇಕಾದರೆ ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಬೇಕು. ತಿರುಗಿಸುವುದು ಮರೆತರೆ, ಅಥವಾ ಜೋಮು ಹಿಡಿದ ಕಾಲು ತಿರುಗದಿದ್ದರೆ, ಸೈಕಲ್ ಸಮೇತ ನೆಲಕ್ಕೆ.

ನರಗುಂದದಲ್ಲಿ ಆದದ್ದು ಅದೇ. ದಸರೆಯ ಆಸುಪಾಸು, ಗುಡ್ಡದ ಕೆಳಗೆ, ಬಸ್ ಸ್ಟ್ಯಾಂಡಿನ ಹತ್ತಿರದ ಕೂಡುರಸ್ತೆಯಲ್ಲಿ ಒಂದು ಎಮ್ಮೆ ಅಡ್ಡ ನಿಂತಿತು. ಹೇಮಂತನೂ ಕನಕರಾಜನೂ ಹಿಮ್ಮಡಿ ತಿರುವಿ ಕಾಲೂರಿದರು. ಬಸವಪ್ರಸಾದ ಬ್ರೇಕು ಹಿಡಿದ, ಸೈಕಲ್ ನಿಂತಿತು, ಎಡಗಾಲು ಬರಲಿಲ್ಲ. ದಢಾರನೆ ಬಿದ್ದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಅವನು ನಿಧಾನವಾಗಿ ಬಿದ್ದ. ವಾಲುತ್ತ ವಾಲುತ್ತ, ಕಾಯಿಪಲ್ಲೆ ಮಾರುವ ಹೆಣ್ಣುಮಕ್ಕಳ ಮುಖಗಳನ್ನು ಒಂದೊಂದಾಗಿ ನೋಡುತ್ತ, ಅವರು ಇವನನ್ನು ನೋಡುತ್ತ. ನೆಲ ಸಿಕ್ಕಾಗ ಒಂದು ಕ್ಷಣ ಎಲ್ಲ ಶಾಂತವಾಗಿತ್ತು, ಎಮ್ಮೆ ಕೂಡ. ಆಗ ಹೇಮಂತ ಕೈ ಎತ್ತಿ ಕೂಗಿದ: "ಉಳ್ಳಾಗಡ್ಡಿ ಚೀಲ ಇಳೀತ ನೋಡ್ರಿ! ಯಾರದರಿ ಈ ಮಾಲು? ಲಗೂ ಎತಿಗೊಂಡ ಹೋಗ್ರಿ!" ಇಡೀ ಕೂಡುರಸ್ತೆ ನಕ್ಕಿತು. ಅದನ್ನೂ ನುಂಗಬಹುದಿತ್ತು. ಆದರೆ ಎತ್ತಲು ಬಂದ ಒಬ್ಬ ಹಮಾಲ ಮುಖ ನೋಡಿ, "ಯಪ್ಪಾ, ಇವ್ರು ನಮ್ಮ ರೋಣದ ಸಾವ್ಕಾರ್ರಲ್ಲೇನ್ರಿ!" ಎಂದು ಮರುಗಿದ. ಆ ಮರುಕವನ್ನು ನುಂಗಲಾಗಲಿಲ್ಲ. ಏನಾಗಿಲ್ಲ, ಏನಾಗಿಲ್ಲ ಎನ್ನುತ್ತ ಎದ್ದ, ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬಂತೆ. ಮೀಸೆಗೆ ಮಣ್ಣಾಗಿತ್ತು. ಕನಕರಾಜನ ವಿಡಿಯೋದಲ್ಲಿ ಅದು ಚೆನ್ನಾಗಿ ಕಾಣುತ್ತಿತ್ತು.

ಅಂದಿನಿಂದ ಸೈಕಲ್ ಗುಂಪಿನಲ್ಲಿ ಅವನ ಹೆಸರು ಚೀಲ. ಹೆಸರಿಟ್ಟವನಿಗೆ ಅದರಲ್ಲಿ ಯಾವ ಹಗೆಯೂ ಇಲ್ಲ, ಅದೇ ದೊಡ್ಡ ಸಂಕಟ. ಹಗೆಯಿದ್ದರೆ ಜಗಳವಾಡಬಹುದು, ಪ್ರೀತಿಯಿಂದ ಚೀಲ ಎನ್ನುವವನ ಜೊತೆ ಏನು ಮಾಡುವುದು? ಬಸವಪ್ರಸಾದ ತಾನೂ ನಗುತ್ತಿದ್ದ, ನಕ್ಕು ಒಳಗೆ ಎಣಿಸಿಕೊಳ್ಳುತ್ತಿದ್ದ. ಆ ವಿಡಿಯೋ ಕನಕರಾಜನ ಹೆಂಡತಿಯ ಮೊಬೈಲಿನಿಂದ ಹಾರಿ ತನ್ನ ಹೆಂಡತಿ ನಿರ್ಮಲಾಳ ಮೊಬೈಲಿಗೆ ಬಂದು ಕೂತ ದಿನ, ಅವನು ಊಟಕ್ಕೆ ಕೂತಿದ್ದ. ನಿರ್ಮಲಾ ರೊಟ್ಟಿ ಬಡಿಸುತ್ತಿದ್ದವಳು ಮೊಬೈಲು ನೋಡಿ ನಿಂತಳು. ಮೊದಲು ತುಟಿ ಬಿಗಿಹಿಡಿದಳು. ಆಮೇಲೆ ಆಗಲಿಲ್ಲ. ನಕ್ಕಳು, ಗೋಡೆಗೆ ಆತುಕೊಂಡು, ಸೆರಗಿನಿಂದ ಕಣ್ಣೊರೆಸಿಕೊಂಡು, ಇನ್ನೊಮ್ಮೆ ನೋಡಿ ಇನ್ನೊಮ್ಮೆ ನಕ್ಕಳು. ಅವಳ ಹಿಂದಿನ ಒಂದು ದವಡೆಹಲ್ಲಿಗೆ ಬೆಳ್ಳಿ ಬಣ್ಣದ್ದೇನೋ ತುಂಬಿಸಿದ್ದಾರೆ ಎಂಬುದು ಅವನಿಗೆ ಗೊತ್ತಾದದ್ದು ಆಗ. ಇಷ್ಟು ವರ್ಷಗಳಲ್ಲಿ ಅವಳು ಅಷ್ಟು ಬಾಯಿ ತೆರೆದು ಅವನ ಮುಂದೆ ನಕ್ಕಿರಲಿಲ್ಲ. ಅವನ ಯಾವ ಮಾತಿಗೂ ನಕ್ಕಿರಲಿಲ್ಲ. "ಹೇಮಂತ ಸರ್ ಭಾಳ ಮಜಾ ಮಾತಾಡ್ತಾರ ಬಿಡ್ರಿ," ಎಂದಳು, ಪಾಪ, ಸಮಾಧಾನ ಹೇಳುವವಳ ಹಾಗೆ. ಅವನು ತಟ್ಟೆಯಲ್ಲಿ ಕೈ ತೊಳೆದ. ಬಿದ್ದದ್ದನ್ನು ಮರೆತರೂ ಆ ಹಲ್ಲನ್ನು ಮರೆಯಲಾಗಲಿಲ್ಲ. ಅದನ್ನು ತನಗಿಂತ ಮೊದಲು, ನರಗುಂದದಲ್ಲಿ ನಿಂತುಕೊಂಡೇ, ಹೇಮಂತ ನೋಡಿಬಿಟ್ಟಿದ್ದಾನೆ ಎನ್ನಿಸುತ್ತಿತ್ತು.

ಸೇಡು ತೀರಿಸಿಕೊಳ್ಳಬೇಕು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಗಜೇಂದ್ರಗಡದ ಗುಡ್ಡದ ಏರಿನಲ್ಲಿ ಹೇಮಂತನನ್ನು ಹಿಂದೆ ಹಾಕಿ, ತುದಿಯಲ್ಲಿ ಕಾಯುತ್ತ ನಿಂತು, ಅವನು ಏದುಸಿರು ಬಿಡುತ್ತ ಬಂದಾಗ ಒಂದೇ ಒಂದು ಮಾತು ಹೇಳಬೇಕು. ಮಾತನ್ನು ಅವನು ಇನ್ನೂ ಹುಡುಕುತ್ತಿದ್ದ; ಅಂಗಡಿಯ ಗಾದಿಯ ಮೇಲೆ, ಹರಾಜಿನ ಸವಾಲಿನ ಗದ್ದಲದಲ್ಲಿ, ರೈತರು ದರ ಕೇಳುತ್ತ ನಿಂತಾಗ ಹುಡುಕುತ್ತಿದ್ದ. ಆದರೆ ಏರು ಶುರುವಾಗುವ ಮೊದಲೇ ಕಾಲು ಕೈಕೊಡುತ್ತಿತ್ತು. ಹೋದ ತಿಂಗಳು ರೋಣದ ಚಹಾದಂಗಡಿಯಲ್ಲಿ, ಅವನು ಮೇಜಿನ ಕೆಳಗೆ ಗುಟ್ಟಾಗಿ ಪಾದ ತಿಕ್ಕಿಕೊಳ್ಳುವುದನ್ನು ಹೇಮಂತ ಕಂಡುಬಿಟ್ಟ. "ಪ್ರಸಾದ, ಕಾಲು ಉರೀಲಿಕ್ಕತ್ತದ ಹೌದಲ್ಲೊ? ಬೂಟು ಸಣ್ಣವಾಗ್ಯಾವ ನಿನಗ. ಒಂದ ನಂಬರ ದೊಡ್ಡವು ತೊಗೊ. ಅಲ್ಲೀತನಾ ಕ್ಲೀಟು ಹಿಂದಕ್ಕ ಸರಿಸು, ಹಿಮ್ಮಡಿ ಕಡೆ. ಮ್ಯಾಲಿನ ಪಟ್ಟಿ ಸಡ್ಲ ಬಿಡು. ಈಗ ವಜ್ಜಾ ಎಲ್ಲಾ ಬೆರಳಿನ ಬುಡಕ್ಕ ಬೀಳ್ತದ, ಅದಕ್ಕ ಉರೀತದ."

"ನನ್ನ ಕಾಲಿಗೇನ ಆಗಿಲ್ಲ," ಎಂದ ಬಸವಪ್ರಸಾದ.

ಪೇಟೆಯಲ್ಲಿ ಹುಟ್ಟಿ ಬೆಳೆದವನಿಗೆ ಒಂದು ಪಾಠ ಅಪ್ಪನ ಮಡಿಲಲ್ಲೇ ಆಗಿರುತ್ತದೆ: ಕೇಳದೇ ಬಂದು ನಿನ್ನ ಮಾಲಿನ ಐಬು ಹೇಳುವವನು ಅದನ್ನು ಅಗ್ಗಕ್ಕೆ ಹೊಡೆಯಲು ಬಂದವನು. ಉಳ್ಳಾಗಡ್ಡಿಯ ರಾಶಿ ಕೆದರಿ "ಹಸಿ ಐತಲ್ಲೋ" ಎನ್ನುವವನ ಕೈ ಆಗಲೇ ಕಿಸೆಗೆ ಹೋಗಿರುತ್ತದೆ. ಈಶಪ್ಪ ಅಂಥವರಿಗೆ ತಲೆಯಾಡಿಸಿ, ಅವರು ಹೇಳಿದ್ದರ ತದ್ವಿರುದ್ಧ ಮಾಡಿ, ನಾಲ್ಕು ಮನೆ ಕಟ್ಟಿಸಿದ. ಹೇಮಂತನಿಗೆ ಇವನ ಕಾಲಿನ ಕಾಳಜಿ ಯಾಕೆ? ಏರಿನಲ್ಲಿ ಇವನು ಹತ್ತಿರ ಬರುತ್ತಿದ್ದಾನೆ, ಅದಕ್ಕೆ. ಕ್ಲೀಟು ಹಿಂದೆ ಹೋದರೆ ಮೀನಖಂಡದ ಬಲ ಹೋಗುತ್ತದೆ, ಅದಕ್ಕೇ ಹಿಂದಕ್ಕೆ ತಗೋ ಎನ್ನುತ್ತಾನೆ. ಕೈಯಾಗ ಶರಣಾರ್ಥಿ, ಬಗಲಾಗ ದೊಣ್ಣಿ. ಮನೆಗೆ ಬಂದು ಬಸವಪ್ರಸಾದ ಕ್ಲೀಟನ್ನು ಇನ್ನೊಂದಿಷ್ಟು ಮುಂದಕ್ಕೆ, ಬೆರಳುಗಳ ಕಡೆಗೆ ಸರಿಸಿ ಬಿಗಿದ. ಬೂಟು ಬಿಗಿಯಾಗಿದ್ದರೆ ಏನಂತೆ? ಕಾಲ್ಮರಿ ಬಿಗಿಯಾದದ್ದನ್ನೇ ಕೊಳ್ಳಬೇಕು; ಚಮ್ಮಾರ ಹೊಲಿದ ಜೋಡು ಮೊದಲು ಕಚ್ಚುತ್ತದೆ, ಎಣ್ಣೆ ಕುಡಿಯುತ್ತದೆ, ಆಮೇಲೆ ಕಾಲಿಗೆ ಬಿಡುತ್ತದೆ. ಸಡಿಲ ಜೋಡು ಕೊಂಡವನು ಮಳೆಗಾಲಕ್ಕೆ ಬರಿಗಾಲು. ಅವ್ವ ನೀಲವ್ವ ಅವನ ಸಾಲಿಯ ಜೋಡಿಗೆ ಔಡಲೆಣ್ಣೆ ಹಚ್ಚಿ ಬಿಸಿಲಿಗಿಡುತ್ತ, "ಕಡೀಲಿ ಬಿಡು, ಕಡದಷ್ಟೂ ನಿಂದಾಗ್ತೈತಿ," ಎನ್ನುತ್ತಿದ್ದಳು. ಅವನು ಗುಳ್ಳೆಗಳ ಮೇಲೆ ನಡೆಯುತ್ತಲೇ ಏಳನೇ ಈಯತ್ತೆ ಮುಗಿಸಿದ. ಈ ಬೂಟಿಗೂ ಔಡಲೆಣ್ಣೆ ಹಚ್ಚಿದ್ದ. ಪ್ಲಾಸ್ಟಿಕ್ಕು ಎಣ್ಣೆ ಕುಡಿಯಲಿಲ್ಲ. ಓಣಿಯ ನಾಯಿ ಬಂದು ನೆಕ್ಕಿಹೋಯಿತು.

ಗಜೇಂದ್ರಗಡದಲ್ಲಿ ಹೇಮಂತನ ಅಕ್ಕ ಮಧುರಾಳ ಮನೆ. ಗುಡ್ಡ ಹತ್ತುವ ಮುಂಚೆ ಅಲ್ಲಿ ನಾಷ್ಟಾ ಎಂಬುದು ಈ ಗುಂಪಿನ ರೂಢಿ. ಮೂವರೂ ಕಟ್ಟೆಯ ಮೇಲೆ ಬೂಟು ಬಿಚ್ಚಿಟ್ಟು ಒಳಗೆ ಹೋದರು. ಫರಸಿಯ ಮೇಲೆ ಎಡಗಾಲು ಇಡುತ್ತಿದ್ದಂತೆ ಬಸವಪ್ರಸಾದನಿಗೆ ಕಣ್ಣು ಕತ್ತಲಿಟ್ಟಿತು; ರಕ್ತ ವಾಪಸು ಬರುವಾಗಿನ ನೋವು ಹೋಗುವಾಗಿನದಕ್ಕಿಂತ ಕೆಟ್ಟದ್ದು. ಗೋಡೆ ಹಿಡಿದು ನಿಂತ. ಹೇಮಂತನೂ ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತು ಕಾಲ್ಚೀಲ ಸರಿಮಾಡಿಕೊಂಡ, ಆಮೇಲೆ ನಗುತ್ತ ಒಳಗೆ ಹೋದ. ಒಗ್ಗರಣೆ ಅವಲಕ್ಕಿ, ಮೇಲೆ ಹಸಿ ಉಳ್ಳಾಗಡ್ಡಿ, ಗಟ್ಟಿ ಮೊಸರು. ಮಧುರಾ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು, ತಮ್ಮನ ಹಾಗೆ ಮಾತಿನ ಮಲ್ಲಿಯಲ್ಲ, ಎಲ್ಲವನ್ನೂ ನೋಡುವವಳು. ಬಸವಪ್ರಸಾದ ಹಿಮ್ಮಡಿಯೂರಿ ನಡೆಯುವುದನ್ನು ನೋಡಿದಳು.

"ಯಾಕ್ರಿ, ಕಾಲು ಹಂಗ್ಯಾಕ ಇಡ್ಲಿಕ್ಕತ್ತೀರಿ?"

"ಏನಿಲ್ರಿ. ಒಂಚೂರು ಜೋಮು."

"ಜೋಮಲ್ಲ ಅದು. ಮಾರಿ ನೋಡ್ರಿ ಹ್ಯಾಂಗಾಗೇದ. ನಾಷ್ಟಾ ಮುಗಸ್ರಿ, ಕಟ್ಟಿ ಮ್ಯಾಲೆ ಕೂಡ್ರಿ. ನೀರು ತರ್ತೀನಿ."

ತಂದಳು. ದೊಡ್ಡ ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರು, ಅದರಲ್ಲಿ ಹಿಡಿ ಉಪ್ಪು. ಬೇಡ ಬೇಡವೆಂದರೂ ಕೇಳದೆ ಅವನ ಮುಂದೆ ಇಟ್ಟು, "ಸಂಕೋಚ ಯಾತಕ್ಕರಿ, ಹೇಮೂನ ದೋಸ್ತರು ನೀವು," ಎಂದು ಒಳಗೆ ಹೋದಳು. ಅವನು ಪಾದಗಳನ್ನು ಇಳಿಬಿಟ್ಟ. ಸುಖ ಎಷ್ಟು ಬೇಗ ಬಂತೆಂದರೆ ಅವನಿಗೆ ಅವಮಾನವಾಯಿತು. ಇಷ್ಟು ದಿನ ಯಾರಾದರೂ ಒಬ್ಬರು ಹೀಗೆ ಕೇಳಿದ್ದರೆ ಎನ್ನಿಸಿತು; ನಿರ್ಮಲಾ ಕೇಳಿದ್ದರೆ ಎನ್ನಿಸಿತು. ನಿರ್ಮಲಾಳಿಗೆ ಅವನು ಹೇಳಿದ್ದನೇ? ಹೇಳಿರಲಿಲ್ಲ. ಹೇಳಿದರೆ ಅವಳು ಹೇಮಂತ ಸರ್ ಅವರನ್ನು ಕೇಳಿ ಎಂದುಬಿಟ್ಟರೆ? ಒಳಗೆ ಹೇಮಂತ ಏನೋ ಹೇಳುತ್ತಿದ್ದ, ದನಿ ಏರುತ್ತಿತ್ತು, ನಡುವೆ ಕನಕರಾಜನ ಹೂಂಗುಟ್ಟುವಿಕೆ. ಆಮೇಲೆ ಮಧುರಾ ನಕ್ಕಳು. ಕಡಿಮೆ ಮಾತಿನ ಮಧುರಾ ಕಿಲಕಿಲ ನಕ್ಕಳು. ಏನು ಹೇಳಿದ ಎಂಬುದು ಕೇಳಿಸಲಿಲ್ಲ, ಕೇಳಿಸಬೇಕಾಗಿಯೂ ಇರಲಿಲ್ಲ. ಎಮ್ಮೆ, ನಿಧಾನವಾಗಿ ವಾಲುವುದು, ಚೀಲ. ಒಬ್ಬೊಬ್ಬರಾಗಿ ಊರಿನ ಹೆಂಗಸರನ್ನೆಲ್ಲ ನಗಿಸುತ್ತ ಹೋಗುತ್ತಾನೆ ಈ ಮನುಷ್ಯ, ನನ್ನನ್ನು ಮಾರಿ.

ಬೂಟುಗಳು ಅವನ ಮೊಣಕೈಯ ಪಕ್ಕದಲ್ಲೇ ಇದ್ದವು. ಬೆನ್ನಿನ ಕಿಸೆಯಲ್ಲಿ ತಿರುಪು ಬಿಚ್ಚುವ ಕೀಲಿಗಳ ಗೊಂಚಲು ಇತ್ತು. ಆಲೋಚಿಸಿ ಮಾಡಿದ್ದಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ; ಇಷ್ಟು ದಿನ ಆಲೋಚಿಸಿದ್ದು ಇದಕ್ಕೇ ಇರಬೇಕು ಎಂಬಷ್ಟು ಸಲೀಸಾಗಿ ಕೈಗಳು ಹೇಮಂತನ ಬಲಗಾಲಿನ ಬೂಟನ್ನು ಮಗುಚಿ ಹಾಕಿಕೊಂಡವು. ಹೊಸ ಕ್ಲೀಟು, ಇನ್ನೂ ಸವೆದಿರಲಿಲ್ಲ. ಹಿಂದಕ್ಕೆ ತಗೋ ಎಂದೆಯಲ್ಲ? ತಗೋ. ನನಗೆ ಕುಡಿಸಲು ಅರೆದ ಔಷಧಿಯನ್ನು ನೀನೇ ಕುಡಿ. ಎರಡು ತಿರುಪು ಸಡಿಲಿಸಿದ, ಕ್ಲೀಟನ್ನು ತಳದ ಸೀಳಿನ ಕೊನೆಯವರೆಗೆ ಹಿಮ್ಮಡಿಯ ಕಡೆಗೆ ಜಾರಿಸಿದ, ಬಿಗಿದ. ಪಾದಗಳು ಬೋಗುಣಿಯ ಉಪ್ಪುನೀರಿನಲ್ಲಿ ಹಾಯಾಗಿದ್ದವು. ಉಂಡ ಮನೆಗೆ ಎರಡು ಬಗೆಯಬಾರದು ಎನ್ನುತ್ತಾರೆ. ನಾನು ಬಗೆಯುತ್ತಿರುವುದು ಮನೆಗಲ್ಲ, ಮನೆಯವನ ತಮ್ಮನ ಬೂಟಿಗೆ, ಎಂದುಕೊಂಡ, ಅಲ್ಲ, ಮನೆಯವಳ ತಮ್ಮನ, ಯಾರದ್ದಾದರೇನು. ಎಡಗಾಲಿನ ಬೂಟು ಎತ್ತಿಕೊಂಡ. ಸಡಿಲಿಸಿದ, ಜಾರಿಸಿದ, ತಿರುಪುಗಳನ್ನು ಬೆರಳಿನಿಂದ ತಿರುವಿದ. ಅಷ್ಟರಲ್ಲಿ ಒಳಗೆ ತಾಟು ಎತ್ತಿಟ್ಟ ಸದ್ದು, ಕನಕರಾಜನ ಕೆಮ್ಮು. ಬೂಟನ್ನು ಇದ್ದಲ್ಲೇ ಇಟ್ಟು ಕೀಲಿಗಳನ್ನು ಕಿಸೆಗೆ ಹಾಕಿದ. ಬಿಗಿ ಮಾಡಲು ಹೊತ್ತು ಸಿಗಲಿಲ್ಲ ಎಂದು ಆಮೇಲೆ ದಾರಿಯುದ್ದಕ್ಕೂ ತನಗೆ ತಾನು ಹೇಳಿಕೊಂಡ. ಕನಕರಾಜ ಹೊರಗೆ ಬಂದದ್ದು ಎಷ್ಟೋ ಹೊತ್ತಿನ ಮೇಲೆ.

ಗುಡ್ಡದ ಬುಡದಲ್ಲೇ ಲೆಕ್ಕ ತಪ್ಪಿತು. ಹೇಮಂತ ಸೋಲಬೇಕಾಗಿತ್ತು, ಹೇಮಂತ ಹಾರಿದ. ಮೊದಲ ತಿರುವಿನಲ್ಲಿ ಎದ್ದುನಿಂತು ತುಳಿದವನು ಎರಡನೆಯದರಲ್ಲಿ ಕಾಣಲೇ ಇಲ್ಲ. ಮೇಲೆ ಗಾಳಿಯಂತ್ರಗಳ ರೆಕ್ಕೆಗಳು ನಿಧಾನವಾಗಿ ತಿರುಗುತ್ತಿದ್ದವು, ಕೆಳಗೆ ಬಸವಪ್ರಸಾದನ ಕಾಲುಗಳು ಅವಕ್ಕಿಂತ ನಿಧಾನವಾಗಿ. ಉಪ್ಪುನೀರಿನ ಸುಖ ಅರ್ಧ ಏರಿಗೆ ಮುಗಿದು ಕೆಂಡ ತನ್ನ ಜಾಗಕ್ಕೆ ಬಂದು ಕೂತಿತು. ಆಗ, ಆ ಉರಿಯಲ್ಲೇ, ಅವನಿಗೆ ಸ್ಪಷ್ಟವಾಯಿತು: ತಿರುಪು ಸಡಿಲವಿರುವ ಕ್ಲೀಟು ಪೆಡಲಿನೊಳಗೆ ಹೋಗುತ್ತದೆ, ಬರುವುದಿಲ್ಲ. ಹಿಮ್ಮಡಿ ತಿರುಗಿಸಿದರೆ ಬೂಟು ತಿರುಗುತ್ತದೆ, ಕ್ಲೀಟು ಕಚ್ಚಿಕೊಂಡೇ ಇರುತ್ತದೆ. ಹೇಮಂತ ನಿಲ್ಲುವಾಗ ಯಾವಾಗಲೂ ಎಡಗಾಲು ಊರುತ್ತಾನೆ. ತುದಿಯಲ್ಲಿ ನಿಲ್ಲುತ್ತಾನೆ, ಕಾಲು ಬರುವುದಿಲ್ಲ, ವಾಲುತ್ತ ವಾಲುತ್ತ ಬೀಳುತ್ತಾನೆ, ಕನಕರಾಜ ಮೊಬೈಲು ತೆಗೆಯುತ್ತಾನೆ. ಸೇರಿಗೆ ಸವ್ವಾಸೇರು. ಅದನ್ನು ನೋಡಲೆಂದೇ ಬಸವಪ್ರಸಾದ ಜೋರಾಗಿ ತುಳಿದ. ಹುಡುಕುತ್ತಿದ್ದ ಮಾತೂ ಸಿಕ್ಕಿತು: ಯಾರದರಿ ಈ ಮಾಲು?

ಆದರೆ ಬೀಳದಿದ್ದರೆ? ಹೇಗೋ ನಿಂತುಬಿಟ್ಟರೆ? ಆಮೇಲೆ ಇಳುಕಲು. ಈ ಇಳುಕಲಿನಲ್ಲಿ ಎಡಗಡೆ ಕಂದಕ, ಎದುರಿಗೆ ಕಲ್ಲಿನ ಟ್ರ್ಯಾಕ್ಟರುಗಳು, ತಿರುವುಗಳಲ್ಲಿ ಉದುರಿದ ಖಡಿಕಲ್ಲು. ಅಲ್ಲಿ ಕಾಲು ಬೇಕಾದಾಗ ಕಾಲು ಬರದಿದ್ದರೆ ಚೀಲ ಬೀಳುವ ಹಾಗೆ ಬೀಳುವುದಿಲ್ಲ. ಬಸವಪ್ರಸಾದನಿಗೆ ಎಲ್ಲ ಕಣ್ಣಿಗೆ ಕಟ್ಟಿತು. ಹೇಮಂತ ಕಂದಕದಲ್ಲಿ ಬಿದ್ದಿರುವುದನ್ನು ಕಂಡ, ಬೋಗುಣಿ ಹಿಡಿದು ನಿಂತ ಮಧುರಾಳನ್ನು ಕಂಡ. ನಿರ್ಮಲಾ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಅದೇ ಗೋಡೆ, ಅದೇ ಸೆರಗು. "ಭಾಳ ಮಜಾ ಮಾತಾಡ್ತಿದ್ರು ಬಿಡ್ರಿ," ಎನ್ನುತ್ತಿದ್ದಳು. ಸತ್ತರೂ ಇವನೇ ಗೆಲ್ಲುತ್ತಾನಲ್ಲ! ಅವನಿಗೆ ಹೆದರಿಕೆಯಾಗಿತ್ತು, ಹೆದರಿಕೆಯಾದದ್ದಕ್ಕೆ ಸಿಟ್ಟು ಬಂತು, ಸಿಟ್ಟಿನಲ್ಲಿ ಇನ್ನೂ ಜೋರಾಗಿ ತುಳಿದ. ಕೂಗಿ ಹೇಳೋಣವೆಂದರೆ ಏನೆಂದು ಕೂಗುವುದು? ನಿನ್ನ ಬೂಟು ನೋಡಿಕೋ ಎಂದರೆ, ನಿನಗೆ ಹೇಗೆ ಗೊತ್ತು ಎನ್ನುತ್ತಾನೆ. ಎಡಗಾಲಿನ ಬೆರಳುಗಳು ಇವೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಕನಕರಾಜನನ್ನು ಯಾವಾಗ ದಾಟಿದ ಎಂಬುದೂ ಅವನಿಗೆ ತಿಳಿಯಲಿಲ್ಲ. "ಏ ಚೀಲ, ಏನಾತಲೇ ಇವತ್ತ ನಿನಗ!" ಎಂಬ ಕೂಗು ಹಿಂದೆಲ್ಲೋ ಉಳಿಯಿತು.

ತುದಿಯಲ್ಲಿ ಹೇಮಂತ ನಿಂತಿದ್ದ. ಊರು ನೋಡಲೆಂದು ರಸ್ತೆಯ ಬಲಬದಿಗೆ ಹೋಗಿ, ಮೋಟುಗೋಡೆಗೆ ಕೈಯಾನಿಸಿ, ಬಲಗಾಲು ಊರಿದ್ದ. ಎಡಗಾಲು ಇನ್ನೂ ಪೆಡಲಿನಲ್ಲೇ ಇತ್ತು. ಬಸವಪ್ರಸಾದ ಬಂದು ನಿಲ್ಲುತ್ತಿದ್ದಂತೆ ಅವನ ಮುಖ ಅರಳಿತು.

"ಬಾರೋ ಬಾರೋ! ಇವತ್ತ ಬೆನ್ನ ಹತ್ತಿ ಬಂದೀ ಅಲ್ಲ! ಒಂದ ಮಾತ ಹೇಳ್ತೀನಿ, ಯಾರ ಮುಂದೂ ಅನಬ್ಯಾಡ. ಹೊಸಾ ಕ್ಲೀಟು ಹಾಕಿದಾಗಿಂದ ನಂದೂ ಕಾಲು ಉರದ ಉರೀಲಿಕ್ಕತ್ತಿತ್ತು. ನಿನಗ ಶಾಣ್ಯಾತನ ಹೇಳಿ, ನಾನ ಕುಂಟಿದ್ರ ನಗ್ತೀರಿ ಅಂತ ಬಾಯಿ ಮುಚಿಗೊಂಡ ಕೂತಿದ್ದೆ. ಬಿಚ್ಚಿ ಸರಿ ಮಾಡಬೇಕು, ಮಾಡಬೇಕು ಅಂದು ಮೈಗಳ್ಳತನ. ಇವತ್ತ ಅಕ್ಕನ ಮನಿ ಬಿಟ್ಟಾಗಿಂದ ಏನ ಆತೋ, ಖರೇ ಹೇಳ್ತೀನಿ, ಉರಿ ಅಂಬೂದ ಇಲ್ಲ! ಹೂವಿನ ಮ್ಯಾಲೆ ಕಾಲಿಟ್ಟಂಗ ಅದ."

ಬಸವಪ್ರಸಾದ ಗೋಡೆ ಹಿಡಿದುಕೊಂಡ. ತಲೆಯ ಮೇಲೆ ಗಾಳಿಯಂತ್ರದ ರೆಕ್ಕೆ ಬುಸ್ಸೆಂದು ಇಳಿಯಿತು, ಇನ್ನೊಂದು ಇಳಿಯಿತು. ಔಷಧಿ ಔಷಧಿಯೇ ಆಗಿತ್ತು. ಹೋದ ತಿಂಗಳು ಆ ಚಹಾದಂಗಡಿಯಲ್ಲಿ, ಮೇಜಿನ ಕೆಳಗೆ ಬಗ್ಗಿ ನೋಡಿ, ಈ ಮನುಷ್ಯ ನಿಜವನ್ನೇ ಹೇಳಿದ್ದ. ಐಬು ಹೇಳಿದವನು ಕೊಳ್ಳಲು ಬಂದಿರಲಿಲ್ಲ. ಎಷ್ಟು ಭಾನುವಾರಗಳ ಕೆಂಡ ಪುಕ್ಕಟೆ ತುಳಿದೆ ಎಂದು ಯೋಚಿಸಿದರೆ ಅಳು ಬರಬೇಕಿತ್ತು, ಬಂದದ್ದು ಬೇರೆ. ನನ್ನ ಕೈಯಿಂದಲೇ, ನನ್ನ ಕೀಲಿಯಿಂದಲೇ ಇವನಿಗೆ ಆರಾಮಾಯಿತಲ್ಲ ಎಂದು ಹೊಟ್ಟೆ ಉರಿಯಿತು. ಹೇಮಂತ ಇಳುಕಲಿನ ಕಡೆಗೆ ಹ್ಯಾಂಡಲ್ ತಿರುಗಿಸಿದ. ಬಲಗಾಲು ಎತ್ತುವುದರಲ್ಲಿದ್ದ.

"ತಡಿ," ಎಂದ ಬಸವಪ್ರಸಾದ. ದನಿ ತನ್ನದೆನ್ನಿಸಲಿಲ್ಲ. "ಎಡಗಾಲ ತಗಿ ನೋಡೂನು."

"ಯಾಕೋ?"

"ಏನೋ ಸಪ್ಪಳ ಬರಾಕತ್ತಿತ್ತು. ಕ್ಲೀಟ ಸಡ್ಲಾದಂಗೈತಿ."

ಹೇಮಂತ ಹಿಮ್ಮಡಿ ತಿರುಗಿಸಿದ. ಬೂಟು ತಿರುಗಿತು, ಬರಲಿಲ್ಲ. ಇನ್ನೊಮ್ಮೆ ತಿರುಗಿಸಿದ, ಮತ್ತೊಮ್ಮೆ ಜಗ್ಗಿದ. ನಗುತ್ತಿದ್ದ ಮುಖ ನಿಧಾನವಾಗಿ ಬೆಳ್ಳಗಾಯಿತು. ಕೆಳಗಿನ ತಿರುವುಗಳನ್ನು ಒಮ್ಮೆ ನೋಡಿದ. ಬಸವಪ್ರಸಾದ ಮೊಣಕಾಲೂರಿ ಕೂತ. ಬೂಟಿನ ಪಟ್ಟಿಗಳನ್ನು ಬಿಚ್ಚಿ, ಕಾಲನ್ನು ಹಿಮ್ಮಡಿ ಹಿಡಿದು ಹೊರಗೆಳೆದು, ತನ್ನ ತೊಡೆಯ ಮೇಲೆ ಇಟ್ಟುಕೊಂಡ. ಕಾಲ್ಚೀಲದ ತೆಳುಬಟ್ಟೆಯ ಒಳಗೆ, ಹೆಬ್ಬೆರಳಿನ ಬುಡಕ್ಕೆ, ಒಂದರ ಮೇಲೊಂದು ಅಂಟಿಸಿದ ಔಷಧಿಪಟ್ಟಿಗಳು ಕೈಗೆ ಸಿಕ್ಕವು. ತನ್ನ ಉರಿ ಇರುವ ಜಾಗದಲ್ಲೇ. ಒಂದು ಕ್ಷಣ ಆ ಪಾದವನ್ನು ಹಾಗೇ ಹಿಡಿದುಕೊಂಡಿದ್ದ. ಬೆಚ್ಚಗಿತ್ತು, ಹಗುರವಾಗಿತ್ತು, ಯಾರ ಪಾದವಾದರೂ ಆಗಬಹುದಿತ್ತು. ಆಮೇಲೆ ಪೆಡಲಿನ ಸ್ಪ್ರಿಂಗನ್ನು ಕೀಲಿಯಿಂದ ಸಡಿಲ ಮಾಡಿ, ಬೂಟನ್ನು ಅಲ್ಲಾಡಿಸಿ ಅಲ್ಲಾಡಿಸಿ ಬಿಡಿಸಿಕೊಂಡ. ತಿರುಪುಗಳು ಬೆರಳಿಗೇ ತಿರುಗುತ್ತಿದ್ದವು.

"ತಾನ ಸಡ್ಲಾಗಿ ತಾನ ಹಿಂದಕ್ಕ ಸರದದ ನೋಡು," ಎಂದ ಹೇಮಂತ, ಬಗ್ಗಿ ನೋಡಿ. "ಅದಕ್ಕ ಆರಾಮಾಗಿತ್ತು. ಅಲ್ಲೇ ಬಿಗಿ ಮಾಡೋ, ಮುಂದಕ್ಕ ತರಬ್ಯಾಡ."

ಮುಂದಕ್ಕೆ ತರಬಹುದಿತ್ತು. ಹೇಮಂತನ ಕಣ್ಣು ಕಂದಕದ ಮೇಲಿತ್ತು. ಕೂದಲೆಳೆಯಷ್ಟು ಮುಂದೆ ತಂದರೂ ಉರಿ ವಾಪಸು ಬರುತ್ತಿತ್ತು, ಕೊಟ್ಟದ್ದನ್ನು ಕಸಿದುಕೊಂಡ ಹಾಗಾಗುತ್ತಿತ್ತು. ಬಸವಪ್ರಸಾದನ ಹೆಬ್ಬೆರಳು ಕ್ಲೀಟಿನ ಮೇಲೆ ಒಂದಿಷ್ಟು ಹೊತ್ತು ನಿಂತಿತು. ಆಮೇಲೆ ಇದ್ದಲ್ಲೇ ಬಿಗಿದ, ಎರಡೂ ತಿರುಪು, ಮಣಿಕಟ್ಟು ನೋಯುವಷ್ಟು. ಪೆಡಲಿನ ಸ್ಪ್ರಿಂಗನ್ನೂ ಮೊದಲಿನಂತೆ ಬಿಗಿದ. ಅಷ್ಟರಲ್ಲಿ ಕನಕರಾಜ ತೇಕುತ್ತ ಬಂದ, ಬಂದವನೇ ಮೊಬೈಲು ತೆಗೆದ. ಒಬ್ಬ ನಿಂತಿದ್ದಾನೆ, ಅವನ ಬರಿ ಕಾಲ್ಚೀಲದ ಪಾದ ಇನ್ನೊಬ್ಬನ ತೊಡೆಯ ಮೇಲಿದೆ, ಆ ಇನ್ನೊಬ್ಬ ಮೊಣಕಾಲೂರಿ ಅದಕ್ಕೆ ಬೂಟು ತೊಡಿಸುತ್ತಿದ್ದಾನೆ. ಸಂಜೆಗೆ ಇದು ನಿರ್ಮಲಾಳ ಮೊಬೈಲಿನಲ್ಲಿ ಇರುತ್ತದೆ ಎಂದು ಬಸವಪ್ರಸಾದನಿಗೆ ಗೊತ್ತಿತ್ತು. ತಲೆ ಎತ್ತಲಿಲ್ಲ.

"ಇಂವಾ ನೋಡದಿದ್ರ ಇವತ್ತ ನನ್ನ ಕಥಿ ಮುಗೀತಿತ್ತೋ ಕನಕಾ," ಎಂದ ಹೇಮಂತ. ನಿಜವಾಗಿಯೂ ಅವನ ಕಣ್ಣು ತೇವವಾಗಿತ್ತು. ಬಗ್ಗಿ ಬಸವಪ್ರಸಾದನ ಹೆಗಲ ಮೇಲೆ ಕೈ ಇಟ್ಟ. "ಈಗರೆ ನನ್ನ ಮಾತ ಕೇಳು. ನಿಂದೂ ಹಿಂದಕ್ಕ ಸರಿಸೋಣು. ತಾ ಆ ಕೀಲಿ, ನಾನ ಮಾಡ್ತೀನಿ. ಕಾಲು ಕೊಡು ಇಲ್ಲೆ."

ಕಾಲು ಕೊಟ್ಟಿದ್ದರೆ ಆಗುತ್ತಿತ್ತು. ಬೂಟಿನ ಒಳಗೆ ಬೆರಳುಗಳು ಒಂದಕ್ಕೊಂದು ಒತ್ತಿ ಹೋ ಎಂದು ಕೂಗುತ್ತಿದ್ದವು. ಬಸವಪ್ರಸಾದ ಎದ್ದು ಮೊಣಕಾಲಿನ ಮಣ್ಣು ಝಾಡಿಸಿಕೊಂಡ, ಕೀಲಿಗಳನ್ನು ಬೆನ್ನಿನ ಕಿಸೆಗೆ ತುರುಕಿದ.

"ನನ್ನ ಕಾಲಿಗೇನ ಆಗಿಲ್ಲ," ಎಂದ.

"ಆತಪ್ಪಾ, ನಿನ್ನ ಖುಷಿ." ಹೇಮಂತ ಪೆಡಲಿಗೆ ಎಡಗಾಲು ಒತ್ತಿದ, ಕಟ್ ಎಂದಿತು, ತಿರುಗಿಸಿದ, ಬಂತು, ಮತ್ತೆ ಒತ್ತಿದ. ನಗೆ ಅದರ ಜಾಗಕ್ಕೆ ವಾಪಸು ಬಂದಿತ್ತು. "ಏನರ ಅನ್ನು, ನಿನ್ನ ಉಪಕಾರ ಮರಿಯಂಗಿಲ್ಲೋ ಚೀಲ!" ಎಂದು ಕೂಗಿ, ಇಳುಕಲಿಗೆ ಸೈಕಲ್ ಬಿಟ್ಟ. ಕನಕರಾಜ ನಗುತ್ತ ಅವನ ಹಿಂದೆ ಹೋದ. ಬಸವಪ್ರಸಾದ ತನ್ನ ಎಡಗಾಲನ್ನು ಪೆಡಲಿಗೆ ಕಚ್ಚಿಸಿದ. ಉರಿ ನೆತ್ತಿಗೇರಿತು. ಮೊದಲ ತಿರುವಿನಲ್ಲಿ ಹೇಮಂತ, ಕಂದಕದ ಅಂಚಿನಲ್ಲಿ, ಒಂದಿಷ್ಟೂ ಅಳುಕದೆ, ಸುಂದರವಾಗಿ ವಾಲಿ, ನೆಟ್ಟಗಾಗಿ, ಮರೆಯಾದ.

ಬಿಗಿ ಮಾಡಬಾರದಿತ್ತು, ಎಂದುಕೊಂಡ ಬಸವಪ್ರಸಾದ.